ಬಾಡಿಗೆಗೆ ಕೊಡದ ಬೂಟು

ನಮ್ಮ ಶಾಲೆಯ ಹಿಂದಿನ ಏರುಬೀದಿಯಲ್ಲಿ ನಡೆದು ಹೋಗುವವರಿಗೆ ಆ ಅಂಗಡಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ತಿಳಿಯುತ್ತಿತ್ತು. ತೊಗಲು, ಮೇಣ, ಒದ್ದೆ ಉಣ್ಣೆ, ಬೆವೆತ ಪಾದ, ಇವೆಲ್ಲ ಸೇರಿದ ಒಂದು ವಾಸನೆ. ತರಗತಿಯ ಕಿಟಕಿ ತೆರೆದರೆ ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಾನು ನಿವೃತ್ತನಾಗಿ ಬಹಳ ವರ್ಷಗಳಾದವು. ಈಗಲೂ ಎಲ್ಲಾದರೂ ಮೇಣ ಹಚ್ಚಿದ ತೊಗಲಿನ ವಾಸನೆ ಬಂದರೆ ನನಗೆ ಶಾಲೆಗಿಂತ ಮೊದಲು ನೆನಪಾಗುವವನು ಬಾಡಿಗೆಯಣ್ಣ.

ಅವನನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ವಯಸ್ಸಿನಲ್ಲಿ ನನ್ನ ಓರಗೆಯವನು. ಆದರೂ ಊರಿಗೆಲ್ಲ ಅಣ್ಣ. ಊರಿನ ನೆತ್ತಿಯ ಮೇಲೆಯೇ ನಿಂತಿರುವ ಹಿಮದ ಬೆಟ್ಟವನ್ನು ಹತ್ತಲು ಬರುವವರಿಗೆ ಬೇಕಾದುದೆಲ್ಲ ಅವನಲ್ಲಿತ್ತು: ಹಗ್ಗ, ಟೆಂಟು, ಹೆಲ್ಮೆಟ್ಟು, ಮಂಜು ಕಡಿಯುವ ಕೊಡಲಿ, ಬೂಟಿನ ಅಡಿಗೆ ಕಟ್ಟುವ ಕಬ್ಬಿಣದ ಮುಳ್ಳು, ಗೋಡೆಯುದ್ದಕ್ಕೂ ಬೂಟುಗಳ ಸಾಲು. ಯಾವುದೂ ಮಾರಾಟಕ್ಕಲ್ಲ. ತೆಗೆದುಕೊಂಡು ಹೋಗಿ, ಹತ್ತಿ ಇಳಿದು, ವಾಪಸು ತಂದು ಕೊಡಬೇಕು.

ಜನ ಇಂಥ ಸಾಮಾನನ್ನು ಕೊಂಡುಕೊಳ್ಳುವುದೆಂದರೆ ಅವನಿಗೆ ಅರ್ಥವೇ ಆಗುತ್ತಿರಲಿಲ್ಲ. ಒಮ್ಮೆ ನಾನು ಅಲ್ಲಿ ಕುಳಿತಿದ್ದಾಗ ಬ್ಯಾಂಕಿನ ಅಧಿಕಾರಿಯೊಬ್ಬರು ಹೊಳೆಯುವ ಹೊಸ ಬೂಟು, ಹೊಸ ಕೋಟು, ಹೊಸ ಚೀಲ ತೊಟ್ಟುಕೊಂಡು ಒಂದು ಕೊಡಲಿಗಾಗಿ ಮಾತ್ರ ಬಂದರು.

"ಏನ್ ಸ್ವಾಮಿ, ಮದುವೆ ಮಾಡ್ಕೊಂಡ್ಬಿಟ್ರಾ?" ಎಂದು ಬಾಡಿಗೆಯಣ್ಣ ಕೇಳಿದ.

ಅವರು ತಬ್ಬಿಬ್ಬಾದರು. "ಯಾರನ್ನ?"

"ಈ ಸಾಮಾನನ್ನೆಲ್ಲ. ಇನ್ಮೇಲೆ ಜೀವಮಾನವಿಡೀ ಇವನ್ನ ಸಾಕ್ಬೇಕಲ್ಲ! ವರ್ಷಕ್ಕೊಂದ್ಸಲ ಬೆಟ್ಟ ಹತ್ತೋಕೆ ವರ್ಷಪೂರ್ತಿ ಬೀರು ತುಂಬಿಸ್ಕೊಂಡು ಕೂರ್ತೀರಾ? ನಮ್ಮಲ್ಲಿಗೆ ಬಂದಿದ್ರೆ ಹತ್ತಿ ಇಳಿಯೋವರ್ಗೂ ನಿಮ್ದು, ಇಳಿದ ಮೇಲೆ ತಲೆನೋವು ನಮ್ದು."

ಅಧಿಕಾರಿಗಳು ನಕ್ಕರು. ಅವನೂ ನಕ್ಕ, ಆದರೆ ತಮಾಷೆಗೆ ಹೇಳಿದ್ದಲ್ಲ. ಒಂದು ಜೊತೆ ಬೂಟಿನಲ್ಲಿ ನೂರು ಜನ ಬೆಟ್ಟ ಕಂಡರೆ ಅದು ಬೂಟಿನ ಪುಣ್ಯ ಎಂದು ಅವನು ನಿಜವಾಗಿಯೂ ನಂಬಿದ್ದ. ವಾಪಸು ಬಂದ ಹಗ್ಗವನ್ನು ಕಣ್ಣು ಮುಚ್ಚಿ ಬೆರಳ ಸಂದಿಯಲ್ಲಿ ಮೆಲ್ಲಗೆ ಎಳೆದು ನೋಡುತ್ತಿದ್ದ. ಎಲ್ಲಿಯಾದರೂ ಮೆತ್ತಗಾದ ಜಾಗ ಸಿಕ್ಕಿದರೆ, "ಯಾರಾದ್ರೂ ಬಿದ್ರಾ? ಹೇಳಿ, ಬೈಯಲ್ಲ," ಎನ್ನುತ್ತಿದ್ದ. ಬಿದ್ದವರ ಭಾರ ತಡೆದ ಹಗ್ಗವನ್ನು ಮತ್ತೆ ಯಾರಿಗೂ ಕೊಡುತ್ತಿರಲಿಲ್ಲ. ಅಲ್ಲೇ ತುಂಡು ಮಾಡಿ ಬಟ್ಟೆ ಒಣಗಿಸಲು ಹಂಚಿಬಿಡುತ್ತಿದ್ದ. ನಮ್ಮ ಬೀದಿಯ ಬಟ್ಟೆಯೆಲ್ಲ ಒಣಗಿದ್ದು ಅವನ ಹಗ್ಗದ ಮೇಲೆಯೇ. ಹಳದಿ ಚುಕ್ಕಿಯ ನೀಲಿ ಹಗ್ಗವೊಂದು ಇಂದಿಗೂ ನಮ್ಮ ಹಿತ್ತಲಿನಲ್ಲಿದೆ.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎಂದೇ ಕರೆಯುತ್ತಿದ್ದೆ. ಅಂಗಡಿಯ ಮುಂಭಾಗ ಅವನದು, ಪರದೆಯ ಹಿಂದಿನದೆಲ್ಲ ಅವರದು. ಬಂದ ಬೂಟಿನ ಕೆಸರು ತೆಗೆಯುವುದು, ಒಳಗೆ ಹಳೆಯ ಪತ್ರಿಕೆಯ ಉಂಡೆ ತುರುಕಿ ಒದ್ದೆ ಹೀರಿಸುವುದು, ಲಾಡಿ ಬಿಚ್ಚಿ ತೊಳೆಯುವುದು, ಮೇಣ ಹಚ್ಚುವುದು, ಮಲಗುವ ಚೀಲಗಳನ್ನು ತಾರಸಿಗೆ ಹೊತ್ತು ಬಿಸಿಲಿಗೆ ಹಾಕುವುದು. ಕೈ ಯಾವಾಗಲೂ ಮೇಣದಿಂದ ನುಣ್ಣಗಿರುತ್ತಿತ್ತು. ಬೂಟಿನ ಒಳಗೆ ಕೈ ಹಾಕಿದರೆ ಸಾಕು, ಹೋದವರು ಹೇಗೆ ನಡೆದರೆಂದು ಹೇಳುತ್ತಿದ್ದರು. "ಈ ಪುಣ್ಯಾತ್ಮ ಇಳಿಯುವಾಗ ಹೆದರಿದಾನೆ ನೋಡಿ, ಬೆರಳೆಲ್ಲ ಮುಂದಕ್ಕೆ ಒತ್ತಿದಾನೆ."

ಇಷ್ಟು ಜನರನ್ನು ಬೆಟ್ಟಕ್ಕೆ ಕಳುಹಿಸಿದ ಅತ್ತಿಗೆ ತಾವು ಒಮ್ಮೆಯೂ ಹತ್ತಿರಲಿಲ್ಲ. ಅವರ ಆಸೆ ಶಿಖರದ್ದೂ ಆಗಿರಲಿಲ್ಲ. ಬೆಟ್ಟದ ಹೆಗಲೆಂದು ನಾವು ಕರೆಯುವ ಒಂದು ಏಣು ಇದೆ. ಅಲ್ಲಿಯವರೆಗೆ ದಾರಿ ಬೆಟ್ಟದ ಆಚೆ ಮಗ್ಗುಲಿನಲ್ಲಿ ಸಾಗುತ್ತದೆ, ಊರು ಕಾಣುವುದಿಲ್ಲ. ಏಣನ್ನು ಏರಿ ನಿಂತರೆ ಊರೆಲ್ಲ ಒಮ್ಮೆಗೇ ಕಾಲ ಕೆಳಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ತಮ್ಮ ಮನೆಯನ್ನು ನೋಡಬೇಕೆಂಬುದು ಅವರ ಆಸೆ. ಇಳಿದು ಬಂದವರನ್ನೆಲ್ಲ ಕೇಳುತ್ತಿದ್ದರು: "ಮೇಲಿಂದ ನಮ್ಮನೆ ಕಾಣಿಸ್ತಾ? ತಾರಸಿ ಮೇಲೆ ಕೆಂಪು ಕಂಬಳಿ ಹಾಕಿದ್ದೆ, ಕಾಣಿಸ್ತಾ?"

"ಊರು ಬೆಂಕಿಪೊಟ್ಟಣದ ಹಾಗೆ ಕಾಣುತ್ತೆ ಅಮ್ಮ," ಎಂದು ಎಲ್ಲರೂ ಒಂದೇ ಪಾಠ ಒಪ್ಪಿಸುತ್ತಿದ್ದರು. ಕಂಬಳಿಯನ್ನು ನೋಡಬೇಕೆಂದು ಅಷ್ಟು ಎತ್ತರದಲ್ಲಿ ಯಾರಿಗೆ ನೆನಪಿರುತ್ತದೆ?

"ಜನ್ಮವಿಡೀ ಬೆಟ್ಟ ನನ್ನನ್ನ ನೋಡ್ತಿದೆ ಮೇಷ್ಟ್ರೇ. ನಾನು ಪಾತ್ರೆ ತೊಳೆಯೋದು, ಇವರ ಹತ್ರ ಬೈಸ್ಕೊಳ್ಳೋದು, ಎಲ್ಲ ನೋಡಿದೆ. ಒಂದ್ಸಲ ಅದರ ಕಡೆಯಿಂದ ನಿಂತು ನೋಡ್ಬೇಕು, ನಾನು ಎಷ್ಟು ಕಾಣಿಸ್ತೀನಿ ಅಂತ," ಎಂದು ಅತ್ತಿಗೆ ನನ್ನೊಡನೆ ಹೇಳಿದ್ದುಂಟು.

"ಹಾಗಾದ್ರೆ ಹೋಗ್ಬರೋಣ ನಡಿಯೇ," ಎಂದ ಒಮ್ಮೆ ಅದನ್ನು ಕೇಳಿಸಿಕೊಂಡ ಬಾಡಿಗೆಯಣ್ಣ. "ಅಂಗಡೀಲಿ ಇಷ್ಟು ಬೂಟಿವೆ. ನಿನ್ನ ಅಳತೇದು ಒಂದು ತಗೋ."

"ಊಹ್ಞೂಂ," ಎಂದರು ಅತ್ತಿಗೆ. ತವರಿನಲ್ಲಿ ಅವರು ನಾಲ್ಕನೆಯ ಮಗಳು. ಮೇಲಿನ ಅಕ್ಕಂದಿರು ಹಾಕಿ ಬಿಟ್ಟ ಕೋಟು, ಹಾಕಿ ಬಿಟ್ಟ ಚಪ್ಪಲಿ, ಕೊನೆಗೆ ತಲೆಯ ರಿಬ್ಬನ್ನು ಕೂಡ ಇಸ್ತ್ರಿ ಮಾಡಿದ ಹಳೆಯದು. "ಅಲ್ಲಿ ಅಕ್ಕಂದಿರ ಹಳೇದು, ಇಲ್ಲಿ ಊರೋರ ಹಳೇದು. ಬೆಟ್ಟಕ್ಕಾದ್ರೂ ನನ್ನದು ಅಂತ ಒಂದು ಹಾಕ್ಕೊಂಡು ಹೋಗ್ತೀನಿ. ಇನ್ನೊಬ್ಬರ ಬೆವರಿನ ಮೇಲೆ ಕಾಲಿಟ್ಟು ಹೋಗಲ್ಲ."

ನಗುತ್ತಲೇ ಹೇಳಿದರು. ಬಾಡಿಗೆಯಣ್ಣ ನಗಲಿಲ್ಲ. ಮುಂದಿನ ಸಲ ಬೂಟಿನ ಕಂಪನಿಯವನು ಮಾದರಿಗಳನ್ನು ಹೊತ್ತು ಬಂದಾಗ, ಕಂದು ತೊಗಲಿನ, ಹಸಿರು ಲಾಡಿಯ ಒಂದು ಪುಟ್ಟ ಜೊತೆಯನ್ನು ಎತ್ತಿಕೊಂಡು ಪರದೆಯ ಹಿಂದಕ್ಕೆ ಹೋದ. ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು: "ಅಯ್ಯೋ, ಕಾಲಿಗೆ ಹೇಳಿ ಹೊಲಿಸಿದ ಹಾಗಿದೆಯಲ್ರೀ!"

ಕೊಳ್ಳಬೇಡಿ ಎಂದು ಊರಿಗೆಲ್ಲ ಹೇಳುತ್ತಿದ್ದವನು ಹಾಗೆ ಒಂದೇ ಒಂದು ಜೊತೆಯನ್ನು ಮನೆಗೆಂದು ಕೊಂಡ. ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಅಂಗಡಿಯ ಎಲ್ಲಕ್ಕಿಂತ ಮೇಲಿನ ಹಲಗೆಯ ಮೇಲಿಟ್ಟ. "ಈ ಸೀಸನ್ ಮುಗೀಲಿ, ಹೋಗ್ಬರೋಣ," ಎಂದ.

ತೊಡಕಿದ್ದದ್ದು ಅಲ್ಲಿಯೇ. ಬೆಟ್ಟ ತೆರೆದಿರುವಾಗ ಅಂಗಡಿಗೆ ಉಸಿರಾಡಲು ಬಿಡುವಿಲ್ಲ. ಅಂಗಡಿಗೆ ಬಿಡುವಾಗುವ ಹೊತ್ತಿಗೆ ಹಿಮ ಸುರಿದು ದಾರಿ ಮುಚ್ಚಿರುತ್ತದೆ. ಒಂದು ವರ್ಷ ಅವನ ತಾಯಿ ಹಾಸಿಗೆ ಹಿಡಿದರು. ಇನ್ನೊಂದು ವರ್ಷ ಅವನಿಗೇ ಹೊಟ್ಟೆಯ ಆಪರೇಷನ್ ಆಯಿತು. ಮತ್ತೊಂದು ವರ್ಷ ಎಲ್ಲವೂ ಸರಿಯಿತ್ತು, ಹೊರಡುವ ಹಿಂದಿನ ದಿನ ದೊಡ್ಡ ತಂಡವೊಂದು ಬಂದು ಬಾಗಿಲಲ್ಲಿ ನಿಂತಿತು. "ಕಳಿಸಿ ಬಿಡಿ ಪಾಪ, ನಾವೆಲ್ಲಿಗೆ ಓಡಿ ಹೋಗ್ತೀವಿ," ಎಂದವರು ಅತ್ತಿಗೆಯೇ. ಹೀಗೆ ಬರುವ ವರ್ಷ, ಬರುವ ವರ್ಷ ಎನ್ನುತ್ತ ಇಬ್ಬರ ಕೂದಲೂ ಬೆಳ್ಳಗಾಯಿತು.

ನಡುನಡುವೆ ಅತ್ತಿಗೆಗೆ ತಡೆಯಲಾಗುತ್ತಿರಲಿಲ್ಲ. ಒಂದು ದಿನ ನಾನು ಹೋದಾಗ ಆ ಬೂಟುಗಳನ್ನು ಹಾಕಿಕೊಂಡು ಹಿಂದಿನ ಅಂಗಳದಲ್ಲಿ ಒದ್ದೆ ಲಾಡಿ ಹರವುತ್ತಿದ್ದರು.

"ಬಿಚ್ಚೇ, ಬಿಚ್ಚೇ! ಅಟ್ಟೆ ಸವೆಯುತ್ತೆ!" ಎಂದು ಬಾಡಿಗೆಯಣ್ಣ ಓಡಿ ಬಂದ.

"ಅಲ್ರೀ, ಅಂಗಳಕ್ಕೇ ಸವೆಯೋದಾದ್ರೆ ಬೆಟ್ಟಕ್ಕೇನು ತಾಳುತ್ತೆ?"

"ಬೆಟ್ಟದ ಮೇಲೆ ಸವೆದ್ರೆ ಸಾರ್ಥಕ. ಬಚ್ಚಲ ಮುಂದೆ ಸವೆದ್ರೆ ಏನು ಬಂತು? ನೀವಾದ್ರೂ ಹೇಳಿ ಮೇಷ್ಟ್ರೇ."

ನಾನು ಗಂಡಹೆಂಡಿರ ನಡುವೆ ಬಾಯಿ ಹಾಕುವವನಲ್ಲ. ಬೂಟು ಮತ್ತೆ ಬಟ್ಟೆ ಸುತ್ತಿಕೊಂಡು ಹಲಗೆ ಏರಿತು.

ಇನ್ನೊಮ್ಮೆ ಆಸ್ಪತ್ರೆಯ ನರ್ಸೊಬ್ಬಳು ಬಂದಳು. ಚಿಕ್ಕ ಪಾದ, ಯಾವ ಜೊತೆಯೂ ಹಿಡಿಯಲಿಲ್ಲ. ಡಬ್ಬಿಯ ಕಡೆ ಕೈ ತೋರಿಸಿ, "ಅದೇನಿದೆ ಅಣ್ಣಾ ಅಲ್ಲಿ?" ಎಂದಳು. "ಅದು ಮನೇದಮ್ಮ, ಬಾಡಿಗೆಗಲ್ಲ," ಎಂದು ಅವನು ಎರಡೆರಡು ಕಾಲುಚೀಲ ಹಾಕಿಸಿ ದೊಡ್ಡದನ್ನೇ ಕೊಟ್ಟು ಕಳುಹಿಸಿದ. ಆ ಅಂಗಡಿಯಲ್ಲಿ ಇಲ್ಲ ಎಂಬ ಮಾತನ್ನು ನಾನು ಕೇಳಿದ್ದು ಅದೊಂದೇ ಸಲ. ಪರದೆಯ ಹಿಂದೆ ಅತ್ತಿಗೆಗೂ ಕೇಳಿಸಿರಬೇಕು. ಅಂದು ನನಗೆ ಬಂದ ಚಹಾದಲ್ಲಿ ಸಕ್ಕರೆ ಸ್ವಲ್ಪ ಹೆಚ್ಚಾಗಿಯೇ ಬಿದ್ದಿತ್ತು.

ಕೊನೆಗೆ ಒಂದು ವರ್ಷ, ಸೀಸನ್ನಿನ ನಟ್ಟನಡುವೆ, ಬಾಡಿಗೆಯಣ್ಣ ಅಂಗಡಿಯ ಬಾಗಿಲೆಳೆದ. ಎದುರಿನ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಹೊರಗೆ ಬಂದ.

"ಏನಣ್ಣಾ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲರೂ ಹುಷಾರು. ಬೆಟ್ಟಕ್ಕೆ ಹೊರಟಿದೀವಿ."

"ಯಾರು ಬಿದ್ರು?"

"ಯಾರೂ ಬಿದ್ದಿಲ್ಲ ಮಾರಾಯ! ನಾವೇ ಹತ್ತೋಕೆ ಹೊರಟಿರೋದು."

ಕ್ಷೌರಿಕ ನಂಬಲಿಲ್ಲ. ಒಳಗೆ ಅರ್ಧ ಗಡ್ಡದಲ್ಲಿದ್ದ ಗಿರಾಕಿಯನ್ನೂ ಕರೆದು ತೋರಿಸಿದ. ಅತ್ತಿಗೆ ಆ ಬೆಳಿಗ್ಗೆ ತಾರಸಿಯ ಹಗ್ಗಕ್ಕೆ ಕೆಂಪು ಕಂಬಳಿಯನ್ನು ನಾಲ್ಕು ಕಡೆಯೂ ಎಳೆದು ಕಟ್ಟಿ, ಗಾಳಿಗೆ ಮಡಿಸಿಕೊಳ್ಳದಂತೆ ಕ್ಲಿಪ್ಪು ಹಾಕಿ ಬಂದಿದ್ದರು. ಕಾಲಲ್ಲಿ ಕಂದು ಬೂಟು, ಹಸಿರು ಲಾಡಿ. ನನ್ನನ್ನೂ ಕರೆದಿದ್ದರು. ನನ್ನ ಕಾಲಲ್ಲಿದ್ದದ್ದು ಅಂಗಡಿಯ ಹಳೆಯ ಜೊತೆ. ಎಷ್ಟು ಮಂದಿಯನ್ನು ಹೊತ್ತಿತ್ತೋ, ಅದರ ಮೂತಿ ಸವೆದು ಬೋಳಾಗಿತ್ತು.

ರಸ್ತೆ ಮುಗಿಯುವವರೆಗೆ ವ್ಯಾನಿನಲ್ಲಿ ಹೋಗಿ, ಅಲ್ಲಿಂದ ನಡೆದೆವು. ಅತ್ತಿಗೆ ಎಲ್ಲರಿಗಿಂತ ಮುಂದೆ. ಪರದೆಯ ಹಿಂದೆ ಬಗ್ಗಿಯೇ ಕಳೆದ ಬೆನ್ನು ಆ ದಿನ ನೆಟ್ಟಗಾಗಿತ್ತು. ಎಷ್ಟೋ ಜನರ ಬೂಟಿನಿಂದ ಕೆರೆದು ತೆಗೆದ ಮಣ್ಣನ್ನೆಲ್ಲ ಅವರು ಈಗ ಅದರ ಸ್ವಸ್ಥಳದಲ್ಲಿ ಕಾಣುತ್ತಿದ್ದರು. "ಓ, ಈ ಕೆಂಪು ಮಣ್ಣು ಇಲ್ಲೀದಾ! ಲಾಡಿಯಿಂದ ಹೋಗೋದೇ ಇಲ್ಲ ಇದು," ಎಂದು ಬೆರಳಲ್ಲಿ ಮುಟ್ಟಿ ನೋಡಿದರು.

ಮರಗಳೆಲ್ಲ ಹಿಂದುಳಿದು ಬರೀ ಕಲ್ಲು ಶುರುವಾದ ಮೇಲೆ ಪಟ್, ಪಟ್ ಎಂದು ಸದ್ದು ಕೇಳಿಸತೊಡಗಿತು. ಅತ್ತಿಗೆಯ ಎಡಬೂಟಿನ ಹಿಮ್ಮಡಿ ಬಾಯಿ ಬಿಟ್ಟಿತ್ತು. ಬಾಡಿಗೆಯಣ್ಣ ಜೇಬಿನಿಂದ ದಾರ ತೆಗೆದು ಬಿಗಿದು ಕಟ್ಟಿದ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬಲಗಾಲಿನದೂ ಬಿಟ್ಟಿತು. ಅದನ್ನು ಕಟ್ಟಲು ಅವನು ಅಟ್ಟೆಯನ್ನು ಹಿಡಿದರೆ ಅದು ಕೈಯಲ್ಲಿ ಹಳೆಯ ಬಿಸ್ಕತ್ತಿನಂತೆ ಪುಡಿಪುಡಿಯಾಗಿ ಉದುರಿತು. ಮೇಲಿನ ತೊಗಲು ಹೊಸದರಂತೆ ಹೊಳೆಯುತ್ತಿತ್ತು. ಅಡಿ ಮಾತ್ರ ಹಿಟ್ಟು. ಅವನು ಅಂಗೈಯಲ್ಲಿದ್ದ ಆ ಕಪ್ಪು ಪುಡಿಯನ್ನೇ ನೋಡುತ್ತ ಮಂಡಿಯೂರಿ ಕುಳಿತುಬಿಟ್ಟ.

"ಹೇಗಾಯ್ತು ಇದು? ಒಂದಿನವೂ ಯಾರೂ ಬೆಟ್ಟಕ್ಕೆ ಹಾಕಿಲ್ಲ. ಒಂದಿನವೂ ಹಾಕಿಲ್ಲವಲ್ಲ!"

ಆಗ ಮೇಲಿನಿಂದ ಒಬ್ಬಳು ಹುಡುಗಿ ಇಳಿದು ಬಂದಳು. ಅವನ ಅಂಗಡಿಯ ಗಿರಾಕಿಯೇ. ಹಿಂದಿನ ದಿನ ಅತ್ತಿಗೆಯೇ ಲಾಡಿ ಬಿಗಿದು ಕಳುಹಿಸಿದ್ದ ಜೊತೆ ಅವಳ ಕಾಲಲ್ಲಿತ್ತು. ಬಗ್ಗಿ ನೋಡಿ, "ಅಯ್ಯೋ, ನಮ್ಮಮ್ಮನ ಬೂಟೂ ಹೀಗೇ ಆಗಿತ್ತು ಅಣ್ಣಾ," ಎಂದಳು. "ಬೀರುವಲ್ಲಿ ಇಟ್ಟೂ ಇಟ್ಟೂ. ಹಾಕ್ಕೊಂಡು ಓಡಾಡದೆ ಇದ್ರೆ ಇದರ ಅಟ್ಟೆ ಒಳಗೊಳಗೇ ಪುಡಿಯಾಗುತ್ತಂತೆ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಅವನ ಅಂಗಡಿಯಲ್ಲಿ ಯಾವ ಬೂಟೂ ಒಂದು ಸೀಸನ್ ಕೂಡ ಸುಮ್ಮನೆ ಕುಳಿತದ್ದಿಲ್ಲ. ಇಂದು ಒಬ್ಬರ ಕಾಲು, ನಾಳೆ ಇನ್ನೊಬ್ಬರ ಕಾಲು. ಸವೆದು ಸವೆದು ಸಾಯುವ ಬೂಟುಗಳನ್ನೇ ಅವನು ಕಂಡಿದ್ದ. ಕೊಂಡು ಬೀರುವಿನಲ್ಲಿಟ್ಟವರಿಗೆಲ್ಲ ತಿಳಿದಿದ್ದ ಸಂಗತಿ, ಅವರನ್ನು ಗೇಲಿ ಮಾಡುತ್ತಿದ್ದ ಅವನೊಬ್ಬನಿಗೆ ತಿಳಿದಿರಲಿಲ್ಲ.

ಹುಡುಗಿ ಒಳ್ಳೆಯವಳು. ಬಂಡೆಯ ಮೇಲೆ ಕುಳಿತು ತನ್ನ ಲಾಡಿ ಬಿಚ್ಚತೊಡಗಿದಳು. "ಏಣು ಇಲ್ಲೇ ಇದೆ ಅಮ್ಮ, ಆ ದೊಡ್ಡ ಕಲ್ಲು ತಿರುಗಿದ್ರೆ ಮುಗೀತು. ಅಲ್ಲಿ ಮಂಜುಗಡ್ಡೆ ಇದೆ, ಅಟ್ಟೆ ಇಲ್ದೆ ಕಾಲು ನಿಲ್ಲಲ್ಲ. ಇವನ್ನ ಹಾಕ್ಕೊಂಡು ಹೋಗಿ ನೋಡ್ಬನ್ನಿ. ನಾನಿಲ್ಲೇ ಕೂತಿರ್ತೀನಿ." ಬೂಟುಗಳೆರಡನ್ನೂ ಅತ್ತಿಗೆಯ ಪಾದದ ಮುಂದೆ ಜೋಡಿಸಿಟ್ಟಳು.

ಅತ್ತಿಗೆ ಅವುಗಳನ್ನು ನೋಡಿದರು. ಪ್ರತಿಯೊಂದು ಗೀರೂ ಅವರಿಗೆ ಪರಿಚಿತ. ಅವುಗಳಿಗೆ ಎಷ್ಟು ಸಲ ಮೇಣ ಹಚ್ಚಿದ್ದರೋ. ಆಮೇಲೆ ಕಲ್ಲಿನ ಕಡೆ ನೋಡಿದರು, ಮತ್ತೆ ತಮ್ಮ ಪಾದದ ಕಡೆ.

"ಬೇಡ ಮಗಳೇ," ಎಂದರು. "ಇಷ್ಟು ವರ್ಷ ಕಾದಿದ್ದು ಇದನ್ನೇ ಹಾಕ್ಕೊಂಡು ಹೋಗೋಕಾ? ಬರೋ ವರ್ಷ ಬೇರೆ ತರಿಸ್ಕೊಂಡು ಬರ್ತೀನಿ."

"ಹಾಕ್ಕೊಳ್ಳೇ," ಎಂದ ಬಾಡಿಗೆಯಣ್ಣ. "ನಿನ್ನ ಕಾಲಿಗೆ ಬೇಕಾದ್ರೂ ಬೀಳ್ತೀನಿ, ಹಾಕ್ಕೊಳ್ಳೇ. ಹತ್ತು ಹೆಜ್ಜೆ ಇಲ್ಲ."

"ಬೆಟ್ಟ ಎಲ್ಲಿಗೂ ಹೋಗಲ್ಲ, ಏಳಿ. ಮೇಷ್ಟ್ರ ಮುಂದೆ ಅಳ್ತಾರಾ?" ಎಂದು ಅತ್ತಿಗೆ ಅವನ ಮೊಣಕಾಲಿನ ಮಣ್ಣು ಕೊಡವಿದರು. "ಬೇಕಾದ್ರೆ ನೀವು ಹೋಗಿ ನೋಡ್ಬನ್ನಿ, ಕಂಬಳಿ ಕಾಣುತ್ತಾ ಅಂತ."

"ನೀನಿಲ್ದೆ ನನಗೇನು ನೋಡೋದಿದೆ ಅಲ್ಲಿ?"

ಯಾರೂ ಹೋಗಲಿಲ್ಲ. ಹುಡುಗಿ ಮತ್ತೆ ಬೂಟು ಹಾಕಿಕೊಂಡಳು.

ಇಳಿಯುವಾಗ ಅತ್ತಿಗೆಯ ಕಾಲಿಗಿದ್ದದ್ದು ಅಟ್ಟೆಯಿಲ್ಲದ ತೊಗಲಿಗೆ ಸುತ್ತಿದ ದಾರ ಮಾತ್ರ. ಸಡಿಲ ಕಲ್ಲಿನ ಒಂದು ಇಳಿಜಾರಿನಲ್ಲಿ ಕಾಲು ಜಾರಿ ಬಲಮಂಡಿ ತಿರುಚಿತು. ಉಳಿದ ದಾರಿಯನ್ನು ನಮ್ಮಿಬ್ಬರ ಹೆಗಲ ಮೇಲೆ ಕೈ ಹಾಕಿ, "ಏನ್ರೀ, ನನಗೂ ಬಾಡಿಗೆ ಹಾಕ್ತೀರಾ?" ಎಂದು ನಗಿಸುತ್ತಲೇ ಇಳಿದರು. ಬೀದಿಗೆ ಬಂದಾಗ ಸಂಜೆಯಾಗಿತ್ತು. ತಾರಸಿಯ ಮೇಲೆ ಕೆಂಪು ಕಂಬಳಿ, ಮಡಿಕೆಯಿಲ್ಲದೆ, ಬೆಟ್ಟಕ್ಕೆ ಮುಖ ಮಾಡಿ ನಿಂತಿತ್ತು. ಅದನ್ನು ತೆಗೆಯಲು ಮೆಟ್ಟಿಲು ಹತ್ತಲಾಗದೆ ಅತ್ತಿಗೆ ನನ್ನನ್ನು ಕಳುಹಿಸಿದರು.

ಮಂಡಿ ಮತ್ತೆ ಸರಿಹೋಗಲಿಲ್ಲ. ಸಮನೆಲದಲ್ಲಿ ನಡೆಯಬಹುದು, ಏರು ಹತ್ತಬಾರದು ಎಂದರು ವೈದ್ಯರು. ಬಾಡಿಗೆಯಣ್ಣ ಇನ್ನೊಂದು ಜೊತೆ ತರಿಸುತ್ತೇನೆಂದು ಹೇಳಿದ, ಅತ್ತಿಗೆ ಬೇಡವೆಂದರು. ಅಲ್ಲಿಂದ ಮುಂದೆ ಅವನು ಕೊಂಡವರನ್ನು ತಮಾಷೆ ಮಾಡುವುದನ್ನು ಬಿಟ್ಟ. ಹೊಸ ಬೂಟಿನವರು ಕಂಡರೆ ತಡೆದು ನಿಲ್ಲಿಸಿ, "ಆಗಾಗ ಹಾಕ್ಕೊಂಡು ಓಡಾಡ್ತಿರಿ ಸ್ವಾಮಿ. ಮನೇಲಾದ್ರೂ ಸರಿ, ಬಚ್ಚಲ ಮುಂದಾದ್ರೂ ಸರಿ," ಎನ್ನುತ್ತಿದ್ದ. ಅವರಿಗೆ ಇವನೇಕೆ ಹೀಗೆ ಅಂಗಲಾಚುತ್ತಾನೆಂದು ತಿಳಿಯುತ್ತಿರಲಿಲ್ಲ.

ಒಂದು ಸಂಜೆ ಅಂಗಡಿಯ ಬೆಂಚಿನ ಮೇಲೆ ಕುಳಿತು ಅವನು ನನಗೆ ಹೇಳಿದ: "ಆ ನರ್ಸಮ್ಮನಿಗೆ ಕೊಟ್ಟು ಕಳಿಸಿದ್ರೂ ಆಗ್ತಿತ್ತು ಮೇಷ್ಟ್ರೇ. ನಮ್ಮವಳು ಅಂಗಳದಲ್ಲಿ ಹಾಕ್ಕೊಂಡು ಓಡಾಡ್ತಿದ್ದಾಗ ಬಾಯಿ ಮುಚ್ಕೊಂಡಿದ್ರೂ ಆಗ್ತಿತ್ತು. ಪ್ರೀತಿಯಿಂದ ಎತ್ತಿಟ್ಟೆ. ಎತ್ತಿಟ್ಟಿದ್ದೇ ತಪ್ಪಾಯ್ತು."

ಬೇರೊಂದು ದಿನ, ಅವನಿಲ್ಲದಾಗ, ಅತ್ತಿಗೆ ಲಾಡಿ ಸುತ್ತುತ್ತ ಹೇಳಿದರು: "ಆ ಹುಡುಗಿ ಬಿಚ್ಚಿ ಮುಂದಿಟ್ಟಿದ್ಲು. ಇನ್ನೂ ಬೆಚ್ಚಗಿದ್ವು. ಒಳಗೆ ಕಾಲು ತೂರಿಸಿದ್ರೆ ಆಗಿತ್ತು. ಇವರು ಹಾಗೆ ಬೇಡ್ಕೊಂಡ್ರು. ಯಾರದಾದ್ರೇನು ಮೇಷ್ಟ್ರೇ, ಹೋಗೋ ಕಾಲು ನನ್ನದೇ ಅಲ್ವಾ?"

ಇಬ್ಬರೂ ಇದನ್ನು ನನ್ನ ಮುಂದೆ ಹೇಳಿದರೇ ಹೊರತು, ಒಬ್ಬರ ಮುಂದೊಬ್ಬರು ಹೇಳಿಕೊಂಡದ್ದನ್ನು ನಾನು ಕೇಳಲಿಲ್ಲ. ತಾನು ಕೆಡಿಸಿದೆನೆಂದು ಅವನು, ತಾನು ಕೈಬಿಟ್ಟೆನೆಂದು ಅವರು, ಒಂದೇ ಸೂರಿನಡಿ ಬೇರೆ ಬೇರೆಯಾಗಿ ಕೊರಗಿದರು. ಬಾಡಿಗೆಯಣ್ಣ ಹಾಗೆಯೇ ತೀರಿಕೊಂಡ. ಮೇಲಿನ ಹಲಗೆಯಲ್ಲಿ ಡಬ್ಬಿ ಇದ್ದ ಜಾಗವನ್ನು ಅವನು ಮತ್ತೆ ಯಾವುದಕ್ಕೂ ಬಳಸಿರಲಿಲ್ಲ.

ಈಗ ಅಂಗಡಿಯ ಮುಂಭಾಗದಲ್ಲಿ ಅತ್ತಿಗೆಯೇ ಕುಳಿತಿರುತ್ತಾರೆ. ಕಳೆದ ವಾರ ನಾನು ಹೋದಾಗ ಕಾಲೇಜಿನ ಹುಡುಗಿಯೊಬ್ಬಳು ಬೂಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಿದ್ದಳು.

"ಅಜ್ಜೀ, ಇದು ಬೇರೆಯವರು ಹಾಕಿದ್ದಾ?"

"ಹೌದಮ್ಮ, ಬೇರೆಯವರು ಹಾಕಿದ್ದೇ. ಅದಕ್ಕೇ ಧೈರ್ಯವಾಗಿ ಕೊಡ್ತಿದೀನಿ. ಕಾಲು ಕೊಡು ಇಲ್ಲಿ." ಅತ್ತಿಗೆ ಸ್ಟೂಲಿನಿಂದಲೇ ಬಗ್ಗಿ ಲಾಡಿ ಬಿಗಿದರು. "ಏಣಿನ ಮೇಲೆ ನಿಂತಾಗ ಕೆಳಗೆ ನೋಡು. ಶಾಲೆಯ ಹಿಂದಿನ ತಾರಸಿ ಮೇಲೆ ಕೆಂಪು ಕಂಬಳಿ ಇರುತ್ತೆ. ಕಾಣುತ್ತಾ ನೋಡಿ ಬಂದು ಹೇಳು."

"ಖಂಡಿತ ಅಜ್ಜಿ," ಎಂದಳು ಹುಡುಗಿ. ಕಂಬಳಿಯನ್ನು ತಾರಸಿಗೆ ಹಾಕಿ ಬಂದವನು ನಾನೇ. ಈಗ ಆ ಕೆಲಸ ನನ್ನದು.

ಅವಳು ಇಳಿದು ಬಂದಾಗಲೂ ನಾನು ಅಲ್ಲಿದ್ದೆ. ಮುಖ ಬಿಸಿಲಿಗೆ ಕೆಂಪೇರಿತ್ತು. ಮಾತಿಗೆ ಬಿಡುವಿರಲಿಲ್ಲ, ಮೋಡ, ಗಾಳಿ, ಗೆಳತಿ ಅತ್ತದ್ದು, ಎಲ್ಲ ಹೇಳಿದಳು. ಬೂಟು ಬಿಚ್ಚಿಟ್ಟು ಎದ್ದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಅಯ್ಯೋ ಅಜ್ಜೀ, ಕಂಬಳಿ! ಮರೆತೇ ಹೋಯ್ತು."

"ಪರವಾಗಿಲ್ಲ ಬಿಡು," ಎಂದರು ಅತ್ತಿಗೆ. ಬೂಟಿನೊಳಗೆ ಕೈ ಹಾಕಿ ಸ್ವಲ್ಪ ಹೊತ್ತು ಹಾಗೆಯೇ ಇಟ್ಟುಕೊಂಡಿದ್ದರು. ಆಮೇಲೆ ಪಕ್ಕದಲ್ಲಿದ್ದ ಹಳೆಯ ಪತ್ರಿಕೆಯ ಹಾಳೆ ಹರಿದು ಉಂಡೆ ಮಾಡತೊಡಗಿದರು.